ಬೇರೆ ಸದ್ದು ಇದೆ

ಜನವರಿ ೧೧

ಮಾವ,

ಹೊಸ ಕೋಣೆಗೆ ಬಂದು ತಿಂಗಳಾಯಿತು. ನಾಲ್ಕನೇ ಮಹಡಿ, ಒಂದೇ ಕಿಟಕಿ, ಅದರ ಎದುರಿಗೆ ಇನ್ನೊಂದು ಕಟ್ಟಡದ ಕಿಟಕಿ. ಅಲ್ಲಿ ಒಬ್ಬಾಕೆ ದಿನಾ ಬೆಳಿಗ್ಗೆ ಗಿಡಕ್ಕೆ ನೀರು ಹಾಕುತ್ತಾಳೆ. ಗಿಡ ಪ್ಲಾಸ್ಟಿಕ್ಕಿನದು ಅಂತ ನನಗೆ ಗುಮಾನಿ. ಹೇಳೋಣವೆಂದರೆ ಪರಿಚಯವಿಲ್ಲ.

ಅಮ್ಮ ತೀರಿಕೊಂಡ ವರ್ಷ ನಾವಿಬ್ಬರೂ ಫೋನಿನಲ್ಲಿ ಕಿತ್ತಾಡಿದ ಮೇಲೆ "ಇನ್ನು ಪತ್ರ ಮಾತ್ರ, ಬರೆಯುವಾಗ ಸಿಟ್ಟು ಇಳಿಯುತ್ತೆ" ಅಂತ ನೀನು ಕಾನೂನು ಮಾಡಿದೆಯಲ್ಲ, ಅದನ್ನೇ ಪಾಲಿಸುತ್ತಿದ್ದೇನೆ. ಇಲ್ಲಿ ಅಂಚೆ ಡಬ್ಬಿ ಹುಡುಕಲು ನನಗೆ ಎರಡು ದಿನ ಬೇಕಾಯಿತು.

ನಿನ್ನ ಕಸುಬಿಗೆ ಹತ್ತಿರದ ಕೆಲಸ ಕೊಟ್ಟಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ವೆಬ್‌ಸೈಟಿನ ವಿಳಾಸದ ಕೊನೆಯಲ್ಲಿ ಒಂದು ನಂಬರೋ ಹೆಸರೋ ಇರುತ್ತದೆ. ಪುಸ್ತಕ ಕೇಳುವವರು ಪುಸ್ತಕದ ನಂಬರು ತರುತ್ತಾರೆ, ಅರ್ಜಿ ಏನಾಯಿತೆಂದು ನೋಡುವವರು ಅರ್ಜಿಯ ನಂಬರು ತರುತ್ತಾರೆ. ಹಾಗೆ ತಂದದ್ದನ್ನು ನಮ್ಮವರು ಆರ್ಗ್ಯುಮೆಂಟ್ ಅನ್ನುತ್ತಾರೆ. ಜಗಳಕ್ಕೂ ಅದಕ್ಕೂ ಸಂಬಂಧವಿಲ್ಲ. ತಂದದ್ದು ಸರಿಯಿದೆಯೋ ಇಲ್ಲವೋ ಅಂತ ಬಾಗಿಲಲ್ಲೇ ಪರೀಕ್ಷೆ ಮಾಡಬೇಕು. ಒಂದೊಂದು ಸೈಟಿಗೆ ಒಂದೊಂದು ಥರದ ಪರೀಕ್ಷೆ ಬೇಕಾದ್ದರಿಂದ ಅದನ್ನು ಬಿಡಿ ತುಂಡಾಗಿ ಬರೆದು ಸಿಕ್ಕಿಸಿಕೊಳ್ಳುತ್ತಾರೆ. ಆ ತುಂಡುಗಳೆಲ್ಲ ಹುಟ್ಟುವ ಮೂಲ ತುಂಡು ಒಂದಿದೆ, ಅದಕ್ಕೆ ತಾಯಿ ಕ್ಲಾಸು ಅನ್ನುತ್ತಾರೆ. ಅದನ್ನು ಹೊಸದಾಗಿ ಬರೆಯುವುದು ನನ್ನ ಕೆಲಸ.

ಅದರಿಂದ ಹುಟ್ಟಿದ ತುಂಡುಗಳು, ಅಂದರೆ ಮಕ್ಕಳು, ತಮ್ಮದೇ ನಿಯಮ ಹೇಳಿದರೆ ಅದು ನಡೆಯುತ್ತದೆ. ಏನೂ ಹೇಳದಿದ್ದರೆ ತಾಯಿಯ ಮಾತೇ ಕೊನೆ. ಹಳೆಯ ತಾಯಿ ಬಂದವರಿಗೆಲ್ಲ "ಬನ್ನಿ" ಅನ್ನುತ್ತಿದ್ದಳು. ಕಸ, ಕಡ್ಡಿ, ಕಳ್ಳರು ಎಲ್ಲ ಒಳಗೆ. ನಲವತ್ತು ವರ್ಷ ಬೀಗದ ಜೊತೆ ಬಾಳಿದವನು ನೀನು. ನಿಜ ಹೇಳು, ಯಾರೂ ಏನೂ ಹೇಳದಿದ್ದಾಗ ಬಾಗಿಲು ತೆರೆದಿರಬೇಕೋ, ಮುಚ್ಚಿರಬೇಕೋ?

ನಿನ್ನ
ಚಿಲಕ


ಜನವರಿ ೨೪

ಚಿಲಕ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಮೊದಲ ಸಲ ಏನೂ ತಿಳಿಯಲಿಲ್ಲ, ಎರಡನೇ ಸಲ ಎಲ್ಲ ತಿಳಿಯಿತು ಅನ್ನಿಸಿತು, ಮೂರನೇ ಸಲ ಮತ್ತೆ ಮೊದಲಿನಂತೆಯೇ ಆಯಿತು. ಆದರೂ ಕೇಳಿದ್ದಕ್ಕೆ ಹೇಳುತ್ತೇನೆ.

ಬಾಗಿಲು ತೆರೆಯದ ಹಾಗೆ ಮಾಡಲು ಬೀಗದವನು ಬೇಕಿಲ್ಲ. ಎರಡು ಮೊಳೆ ಹೊಡೆದರೆ ಆಯಿತು. ಜನ ನನಗೆ ಕೊಡುವ ಕೂಲಿ ತೆರೆಯುವುದಕ್ಕೆ. ಅಂಗಡಿಗೆ ಬಂದವರಲ್ಲಿ ನೂರಕ್ಕೆ ತೊಂಬತ್ತು ಜನ ತಮ್ಮದೇ ಮನೆಯ ಹೊರಗೆ ನಿಂತವರು. ಕಳ್ಳ ಯಾವತ್ತೂ ನನ್ನ ಹತ್ತಿರ ಬಂದದ್ದಿಲ್ಲ, ಅವನಿಗೆ ಅವನದೇ ವಿದ್ಯೆ ಇರುತ್ತದೆ.

ಇನ್ನೊಂದು ವಿಷಯ. ನಿನ್ನ ಅಮ್ಮ, ಅಂದರೆ ನನ್ನ ಅಕ್ಕ, ಕಣ್ಣಿಲ್ಲದವರ ಲೈಬ್ರರಿಗೆ ಪುಸ್ತಕ ಓದಿ ರೆಕಾರ್ಡ್ ಮಾಡಿ ಕೊಡುತ್ತಿದ್ದಳಲ್ಲ, ಅದೆಲ್ಲ ಈಗ ಅವರ ವೆಬ್‌ಸೈಟಿನಲ್ಲಿದೆ. ಫೋನಿಗೆ ನಂಬರು ಹೇಳಿದರೆ ಸಾಕು, ಓದು ಶುರುವಾಗುತ್ತದೆ. ದಿನಾ ಸಂಜೆ ಐದಕ್ಕೆ ಅಂಗಡಿಯ ಬಾಗಿಲು ಎಳೆದು ನಾನು ಅದನ್ನೇ ಕೇಳುತ್ತೇನೆ. ಕಣ್ಣಿಗೆ ಶ್ರಮವಿಲ್ಲ ನೋಡು. ಒಟ್ಟು ಅರವತ್ತಮೂರು ಪುಸ್ತಕ. ಎಲ್ಲ ಮುಗಿಸಿ ಎರಡನೇ ಸುತ್ತಿನಲ್ಲಿದ್ದೇನೆ. ಮನೆಗೆ ಬಂದರೆ ಮಾತಾಡುವವರು ಯಾರೂ ಇಲ್ಲ ಅನ್ನುವುದು ಆ ಒಂದು ಗಂಟೆ ಮರೆತುಹೋಗುತ್ತದೆ.

ಲೈಬ್ರರಿಯ ಸ್ಟುಡಿಯೋದಲ್ಲಿ ಓದಿದ್ದಕ್ಕೆ ಬರೀ ನಂಬರು. ಮನೆಯಲ್ಲಿ ಓದಿದ್ದಕ್ಕೆ ನಂಬರಿನ ಕೊನೆಗೆ ಒಂದು 'ಬ' ಸೇರಿಸುತ್ತಾರೆ. 'ಬೇರೆ ಸದ್ದು ಇದೆ' ಅಂತ ಕೇಳುಗರಿಗೆ ಮೊದಲೇ ಎಚ್ಚರಿಕೆ. ಅಕ್ಕನದೆಲ್ಲ 'ಬ'. ಕುಕ್ಕರಿನ ಸೀಟಿ, ಪಕ್ಕದ ಮನೆಯ ನಾಯಿ, ಒಂದರಲ್ಲಿ ನಾನು ಕೆಮ್ಮಿದ್ದೂ ಇದೆ. ನೀನು ೪೧೨-ಬ ಒಂದನ್ನಾದರೂ ಕೇಳು. ಅದರಲ್ಲಿ ಯಾವ ಸದ್ದು ಅಂತ ನಾನು ಹೇಳುವುದಿಲ್ಲ.

ಮಾವ


ಫೆಬ್ರವರಿ ೬

ಮಾವ,

ಆ ವಿಷಯ ಬೇಡ ಅಂತ ನಿನಗೆ ಗೊತ್ತು. ಗೊತ್ತಿದ್ದೂ ಬರೆದೆ.

ಮಧ್ಯಾಹ್ನ ಮೂರರಿಂದ ಐದರವರೆಗೆ ಅಮ್ಮನ ಕೋಣೆಯ ಬಾಗಿಲು ಮುಚ್ಚಿರುತ್ತಿತ್ತು. ನಾನು ಹೊರಗೆ ನಿಂತು ಚಿಲಕ ಅಲ್ಲಾಡಿಸುತ್ತಿದ್ದೆ. ಅದಕ್ಕೇ ಅಲ್ಲವೇ ನೀನು ಈ ಹೆಸರಿಟ್ಟದ್ದು? ನಿಮಗೆಲ್ಲ ತಮಾಷೆ. ಎಲ್ಲೆಲ್ಲೋ ಇರುವ, ಮುಖ ಕಾಣದ ಜನರಿಗೆ ಅವಳು ಅರವತ್ತಮೂರು ಪುಸ್ತಕ ಓದಿದಳು. ನನಗೆ ಒಂದು ಕಥೆ ಓದಿದ ನೆನಪಿಲ್ಲ. ಆ ದನಿ ನನಗೆ ಬೇಡ. ಇನ್ನೊಮ್ಮೆ ಅದರ ಸುದ್ದಿ ಎತ್ತಿದರೆ ನಾನು ಪತ್ರ ಬರೆಯುವುದನ್ನೇ ಬಿಡುತ್ತೇನೆ.

ಕೆಲಸದ ಮಾತಿಗೆ ಬರುತ್ತೇನೆ. ನಿನ್ನ ಮೊಳೆಯ ಮಾತು ಚೆನ್ನಾಗಿದೆ, ಆದರೆ ನಾನು ಬೇರೆ ದಾರಿ ಹಿಡಿದೆ. ಹೊಸ ತಾಯಿ ಬರೀ ಅಂಕಿಗಳನ್ನು ಒಳಗೆ ಬಿಡುತ್ತಾಳೆ. ಅಕ್ಷರ, ಗೆರೆ, ಚುಕ್ಕಿ ಏನೇ ಸೇರಿದ್ದರೂ ವಾಪಸ್ಸು. ಬೇರೆ ಥರ ಬೇಕಾದ ಸೈಟಿನವರು ತಮ್ಮ ಮಗುವನ್ನು ಬರೆದುಕೊಳ್ಳಲಿ. ವಾಪಸ್ಸು ಕಳಿಸುವಾಗ ಒಂದು ವಾಕ್ಯ ತೋರಿಸಬೇಕಿತ್ತು, ಅರ್ಧ ದಿನ ಕೂತು ಬರೆದೆ: "ನೀವು ಕೇಳಿದ್ದು ಇಲ್ಲಿ ಇಲ್ಲ." ಬಿಗಿಯಾಗಿದೆ ಅಲ್ಲವೇ? ಮುಖ್ಯಸ್ಥರು ಓದಿ ಹೆಬ್ಬೆರಳೆತ್ತಿದರು. ಈ ಆಫೀಸಿನಲ್ಲಿ ನನ್ನನ್ನು ಯಾರಾದರೂ ನೋಡಿ ನಕ್ಕದ್ದು ಅದೇ ಮೊದಲು.

ನಿನ್ನ ಅಕ್ಷರ ಯಾಕೆ ಗೆರೆ ಬಿಟ್ಟು ಗುಡ್ಡ ಹತ್ತುತ್ತಿದೆ? ಬರೆಯುವಾಗ ಏನಾದರೂ ಕುಡಿದಿದ್ದೆಯಾ?

ಚಿಲಕ


ಫೆಬ್ರವರಿ ೨೭

ಚಿಲಕ,

ಸರಿ. ಆ ಸುದ್ದಿ ಇನ್ನು ಎತ್ತುವುದಿಲ್ಲ. ಅಕ್ಷರದ್ದು ಪೆನ್ನಿನ ತಪ್ಪು, ನನ್ನದಲ್ಲ. ಹೊಸದು ತರುತ್ತೇನೆ.

ಒಂದೇ ಒಂದು ಅನುಮಾನ. ಬಹಳ ವರ್ಷದ ಹಿಂದೆ ಒಬ್ಬ ಬಾಡಿಗೆದಾರ ಊರಿಗೆ ಹೋಗಿದ್ದಾಗ ಮನೆ ಮಾಲೀಕ ನನ್ನನ್ನು ಕರೆಸಿ ಬೀಗ ಬದಲಾಯಿಸಿದ. ಆ ಮನುಷ್ಯ ವಾಪಸ್ಸು ಬಂದು ಕೀಲಿ ತಿರುಗಿಸಿದಾಗ ತಿರುಗಲಿಲ್ಲ. ಬೀಗ ಬದಲಾಗಿದೆ ಅಂತ ಅವನಿಗೆ ಹೊಳೆಯಲೇ ಇಲ್ಲ ನೋಡು. ತಾನೇ ಮನೆ ತಪ್ಪಿ ಬಂದೆ ಅಂದುಕೊಂಡು ಚೀಲ ಹೊತ್ತು ಮಧ್ಯಾಹ್ನವೆಲ್ಲ ಬೀದಿಯ ನಂಬರು ಓದುತ್ತ ತಿರುಗಿದ. ಕೊನೆಗೆ ನನ್ನ ಅಂಗಡಿಗೇ ಬಂದು "ನನ್ನ ಮನೆ ಎಲ್ಲಿದೆ, ಹೇಳ್ತೀರಾ?" ಅಂದ. ಆ ಮುಖ ನನಗೆ ಮರೆಯುವುದಿಲ್ಲ.

ಕೀಲಿ ಹೊಂದಲಿಲ್ಲ ಅನ್ನುವುದು ಬೇರೆ, ಮನೆಯೇ ಇಲ್ಲ ಅನ್ನುವುದು ಬೇರೆ ಅಲ್ಲವೇ? ನಿನ್ನ ವಾಕ್ಯ ಎರಡನೆಯದನ್ನು ಹೇಳುತ್ತದೆ. ನನಗೆ ತಿಳಿಯದ ವಿದ್ಯೆ, ತಪ್ಪಿದ್ದರೆ ಬಿಟ್ಟುಬಿಡು.

ಮಾವ


ಮಾರ್ಚ್ ೧೫

ಮಾವ,

ಒಪ್ಪಿಗೆಯಾಯಿತು! ಏಪ್ರಿಲ್ ಒಂದರಿಂದ ನನ್ನ ತಾಯಿ ಕ್ಲಾಸು ಎಲ್ಲ ಸೈಟುಗಳಿಗೂ ಹೋಗುತ್ತದೆ. ಹನ್ನೊಂದು ಸಾವಿರ ಸೈಟು. ಯಾವುವು, ಯಾರದು ಅಂತ ನಮಗೂ ಗೊತ್ತಿಲ್ಲ. ಉಚಿತವಾಗಿ ಸಿಗುವುದರಿಂದ ಯಾರು ಬೇಕಾದರೂ ತೆಗೆದುಕೊಳ್ಳುತ್ತಾರೆ. ಆರು ತಿಂಗಳ ಪರೀಕ್ಷೆಯ ಅವಧಿ ದಾಟಿ ನನ್ನ ಕೆಲಸ ಕಾಯಂ ಆಗುವುದು ಇದರ ಮೇಲೆಯೇ ನಿಂತಿತ್ತು. ನಿನಗೆ ಹೇಳಿರಲಿಲ್ಲ, ಗಾಬರಿಯಾಗುತ್ತೀಯ ಅಂತ.

ನಿನ್ನ ಅನುಮಾನವನ್ನು ಸಭೆಯಲ್ಲಿ ನನ್ನದೇ ಎಂಬಂತೆ ಎತ್ತಿದೆ. ಮುಖ್ಯಸ್ಥರು, "ಯಾಕೆ ಬಿಡಲಿಲ್ಲ ಅಂತ ಹೇಳಿದರೆ ಕಳ್ಳನಿಗೆ ನಾವೇ ಪಾಠ ಹೇಳಿಕೊಟ್ಟ ಹಾಗೆ" ಅಂದರು. ಅವರ ಮಾತಿನಲ್ಲೂ ಹುರುಳಿದೆ. ಅಂಥ ಹೊತ್ತಿನಲ್ಲಿ ಎದುರಾಡುವಷ್ಟು ಧೈರ್ಯ ನನಗಿಲ್ಲ.

ಖುಷಿಗೆ ಒಂದು ಕುರ್ಚಿ ಕೊಂಡೆ. ಎರಡನೇ ಕುರ್ಚಿ. ಯಾರು ಕೂರುತ್ತಾರೆ ಅಂತ ಕೇಳಬೇಡ. ಸದ್ಯಕ್ಕೆ ಒಗೆದ ಬಟ್ಟೆ ಕೂತಿದೆ.

ಚಿಲಕ


ಏಪ್ರಿಲ್ ೨೦

ಚಿಲಕ,

ಬಹಳ ಸಂತೋಷ. ನಿನ್ನ ಕೆಲಸ ಗಟ್ಟಿಯಾಯಿತಲ್ಲ, ನನಗೆ ಅಷ್ಟೇ ಬೇಕಿತ್ತು. ಯಾರು ಏನೇ ಹೇಳಿದರೂ ಅದನ್ನು ಕಳೆದುಕೊಳ್ಳಬೇಡ.

ಇಲ್ಲಿ ಹೊಸದೇನಿಲ್ಲ. ಸಂಜೆ ಐದಕ್ಕೆ ಈಗ ಕೆಲಸವಿಲ್ಲ. ಸುಮ್ಮನೆ ಕೂರುವುದು ಅಭ್ಯಾಸವಾಗುತ್ತಿದೆ.

ಮಾವ


ಮೇ ೨

ಮಾವ,

ಇದೆಂಥ ಪತ್ರ? ನಾನು ಎರಡು ಪುಟ ಬರೆದರೆ ನೀನು ಬೆರಳೆಣಿಕೆಯ ಸಾಲು. ಅಕ್ಷರವಂತೂ ಒಂದರ ಮೇಲೊಂದು ಹತ್ತಿ ಕೂತಿದೆ. ಅಮ್ಮನ ವಿಷಯಕ್ಕೆ ಬಾಯಿ ಮುಚ್ಚಿಸಿದೆ ಅಂತ ಇನ್ನೂ ಸಿಟ್ಟೇ? ಹಾಗಿದ್ದರೆ ನೇರವಾಗಿ ಬೈದುಬಿಡು. ನಿನ್ನ ಬೈಗುಳ ನನಗೆ ಹೊಸದಲ್ಲ, ಮೌನ ಹೊಸದು.

ಕ್ಲಾಸು ಹೊರಗೆ ಹೋಗಿ ತಿಂಗಳಾಯಿತು. ಒಂದೇ ಒಂದು ದೂರು ಬಂದಿಲ್ಲ. ಮುಖ್ಯಸ್ಥರು ಅದನ್ನು ದೊಡ್ಡ ಪರದೆಯ ಮೇಲೆ ಹಾಕಿ ತೋರಿಸಿದರು: ದೂರು, ಸೊನ್ನೆ. ಎಲ್ಲರೂ ಚಪ್ಪಾಳೆ ತಟ್ಟಿ ಅವರವರ ಮೇಜಿಗೆ ಹೋದರು. ನಾನು ಕೆಳಗಿಳಿದು ಬೀದಿಯಲ್ಲಿ ಎರಡು ಸುತ್ತು ಹಾಕಿ ಬಂದೆ. ಹನ್ನೊಂದು ಸಾವಿರ ಬಾಗಿಲಲ್ಲಿ ನಾನು ಬರೆದ ಸಾಲು ನಿಂತಿದೆ, ಆದರೆ ನನ್ನ ಹತ್ತಿರ ಒಬ್ಬರೂ ಒಂದು ಮಾತೂ ಆಡಿಲ್ಲ. ಹೀಗನ್ನಿಸುವುದು ಹುಚ್ಚುತನ ಇರಬಹುದು. ಮೊನ್ನೆ ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆಯವರೆಗೆ ನಾನು ಬಾಯಿಬಿಟ್ಟು ಆಡಿದ್ದು ಒಂದೇ ಮಾತು, ಅಂಗಡಿಯವನಿಗೆ "ಚೀಲ ಬೇಡ" ಅಂತ.

ನಾಲ್ಕು ದಿನ ಬಂದು ಎರಡನೇ ಕುರ್ಚಿಯಲ್ಲಿ ಕೂತು ಹೋಗು. ಬಟ್ಟೆ ತೆಗೆದಿಡುತ್ತೇನೆ.

ಚಿಲಕ


ಮೇ ೨೬

ಮಾವ,

ಇಪ್ಪತ್ತನಾಲ್ಕು ದಿನವಾಯಿತು. ಕಾನೂನು ಮುರಿದು ಫೋನೂ ಮಾಡಿದೆ, ನೀನು ಎತ್ತಲಿಲ್ಲ. ಸಿಟ್ಟಿದ್ದರೆ ಇರಲಿ. ಬದುಕಿದ್ದೇನೆ ಅಂತ ಒಂದು ಸಾಲು ಬರೆ, ಸಾಕು.

ಚಿಲಕ


ಜೂನ್ ೯

ತಂಗಿಯವರಿಗೆ,

ನಾನು ನಿಮ್ಮ ಮಾವನ ಎದುರಂಗಡಿಯ ದರ್ಜಿ. ಅವರು ಚೆನ್ನಾಗಿದ್ದಾರೆ, ಊಟ ತಿಂಡಿ ನಮ್ಮ ಮನೆಯಲ್ಲೇ. ಇದನ್ನು ಮೊದಲೇ ಹೇಳಿ, ಆಮೇಲೆ ಉಳಿದದ್ದು. ಈ ಪತ್ರ ಬರೆಯುತ್ತಿರುವುದು ಅವರಿಗೆ ಗೊತ್ತಿಲ್ಲ. ಗೊತ್ತಾದರೆ ನನಗೆ ಮಂಗಳಾರತಿ ಕಾದಿದೆ.

ನಿಮ್ಮ ಮಾವನಿಗೆ ಕಣ್ಣು ಕಾಣುವುದಿಲ್ಲ. ಕಳೆದ ವರ್ಷವೇ ಮಂಜಾಗಿತ್ತು. ಫೆಬ್ರವರಿ ಬರುವ ಹೊತ್ತಿಗೆ ಓದು ನಿಂತಿತು, ಮಾರ್ಚಿನಲ್ಲಿ ಅಂಗಡಿ ಮುಚ್ಚಿದರು. ತಡವಾಯಿತು, ಇನ್ನು ಮಾಡುವಂಥದ್ದಿಲ್ಲ ಅಂತ ಡಾಕ್ಟರು ಹೇಳಿದ್ದಾರೆ. "ಅವಳಿಗೆ ಹೇಳ್ಬೇಡ, ಕೆಲಸ ಬಿಟ್ಟು ಓಡಿ ಬರ್ತಾಳೆ" ಅಂತ ನನ್ನಿಂದ ಆಣೆ ಮಾಡಿಸಿಕೊಂಡರು. ಫೆಬ್ರವರಿಯಿಂದ ಈಚಿನ ನಿಮ್ಮ ಪತ್ರಗಳನ್ನೆಲ್ಲ ನಾನೇ ಓದಿ ಹೇಳಿದ್ದು. ಮನೆಯ ಮಾತುಗಳೂ ಇದ್ದವು, ಬೇಜಾರು ಮಾಡಿಕೊಳ್ಳಬೇಡಿ. ಉತ್ತರವನ್ನು ಮಾತ್ರ ಅವರೇ ಸ್ಕೇಲಿನ ಅಂಚು ಹಿಡಿದು ಬರೆಯುತ್ತಿದ್ದರು. ಏಪ್ರಿಲಿನ ಆ ನಾಲ್ಕು ಸಾಲಿಗೆ ಎರಡು ಗಂಟೆ ಹಿಡಿಯಿತು. ಮೇ ತಿಂಗಳಿನಲ್ಲಿ ಬರೆಯಲಾಗದೆ ಕಾಗದ ಹರಿದು ಎಸೆದರು.

ಕಣ್ಣಿನ ಸುದ್ದಿಗಿಂತ ದೊಡ್ಡದು ಇನ್ನೊಂದಿದೆ. ಅವರು ದಿನಾ ಸಂಜೆ ಅಕ್ಕನ ಓದು ಕೇಳುತ್ತಿದ್ದರು. ಏಪ್ರಿಲ್ ಎರಡನೇ ತಾರೀಖು ಐದು ಗಂಟೆಗೆ ಎಂದಿನಂತೆ ನಂಬರು ಹೇಳಿದರು. ಫೋನಿನಿಂದ "ನೀವು ಕೇಳಿದ್ದು ಇಲ್ಲಿ ಇಲ್ಲ" ಅಂತ ಬಂತು. ಇನ್ನೊಂದು ನಂಬರಿಗೂ ಅದೇ ಉತ್ತರ. ಅರವತ್ತಮೂರನ್ನೂ ಒಂದೊಂದಾಗಿ ಹೇಳಿ ನೋಡಿದರು. ಮನೆಯಲ್ಲಿ ಓದಿದ್ದಕ್ಕೆ ಬೆಲೆಯಿಲ್ಲವೆಂದು ಲೈಬ್ರರಿಯವರು ಎಲ್ಲವನ್ನೂ ಅಳಿಸಿಹಾಕಿದ್ದಾರೆ ಅಂತ ಮೊದಲು ತಿಳಿದರು. ಎರಡು ದಿನ ಊಟ ಬೇಡ ಅಂದರು.

ಮೂರನೇ ದಿನ ನನ್ನನ್ನು ಕರೆದು, ನಿಮ್ಮ ಫೆಬ್ರವರಿಯ ಪತ್ರವನ್ನು ಇನ್ನೊಮ್ಮೆ ಓದು ಅಂದರು. ಓದುತ್ತ ಆ ವಾಕ್ಯಕ್ಕೆ ಬಂದಾಗ ಅದನ್ನೇ ಎರಡು ಸಲ ಓದಿದೆ. ಅಕ್ಷರ ಅಕ್ಷರವೂ ಅದೇ. "ಅವರಿಗೆ ಬರೀರಿ, ಸರಿ ಮಾಡ್ತಾರೆ" ಅಂದೆ. "ಬೇಡ ಕಣೋ. ಅವಳ ಕೆಲಸ ನಿಂತಿರೋದೇ ಅದರ ಮೇಲೆ. ಈಗ ತಪ್ಪು ಅಂದ್ರೆ ಅವಳ ಗತಿ?" ಅಂದರು.

ಇವತ್ತಿಗೂ ಐದು ಗಂಟೆಗೆ ಫೋನ್ ತೆಗೆದು ೪೧೨-ಬ ಅನ್ನುತ್ತಾರೆ. ಅದು ಇಲ್ಲ ಅನ್ನುತ್ತದೆ. "ಇರಲಿ, ಇದೂ ನಮ್ಮ ಹುಡುಗೀದೇ ಮಾತು" ಅಂದು ಫೋನ್ ಜೇಬಿಗೆ ಇಳಿಸುತ್ತಾರೆ. ನನಗೆ ನೋಡಲಾಗದೆ ಬರೆದೆ.

ಇಂತಿ,
ದರ್ಜಿ


ಜೂನ್ ೧೭

ಮಾವ,

ದರ್ಜಿಯಣ್ಣನಿಗೆ ಬೈಯಬೇಡ. ಅಣ್ಣಾ, ಇದನ್ನು ನಿಧಾನವಾಗಿ ಓದಿ ಹೇಳಿ. ನಾನು ಅತ್ತದ್ದು ಕಾಗದದ ಮೇಲೆ ಬಿದ್ದಿದೆ, ಕೆಲವು ಕಡೆ ಅಕ್ಷರ ಹರಡಿದೆ.

ನಿನ್ನ ಜನವರಿಯ ಪತ್ರ ತೆಗೆದು ನೋಡಿದೆ. ಎಲ್ಲ ಅಲ್ಲೇ ಇತ್ತು. ನಂಬರಿನ ಕೊನೆಗೆ 'ಬ' ಇರುತ್ತದೆ ಅಂತ ನೀನು ಬರೆದಿದ್ದೆ. ಅಮ್ಮನ ಹೆಸರು ಬಂದಕೂಡಲೇ ನಾನು ಉಳಿದದ್ದನ್ನು ಹಾರಿಸಿ ಓದಿದೆ. ಬರೀ ಅಂಕಿ ಸಾಕು ಅಂತ ತೀರ್ಮಾನಿಸಿದ ದಿನ ಆ ಕಾಗದ ನನ್ನ ಮೇಜಿನ ಖಾನೆಯಲ್ಲೇ ಇತ್ತು ಮಾವ. ಲೈಬ್ರರಿಗೆ ಪ್ರೋಗ್ರಾಮ್ ಬರೆಯುವವರು ಯಾರೂ ಇಲ್ಲ. ಅವರು ತಮ್ಮ ಮಗುವನ್ನು ಬರೆದಿರಲಿಲ್ಲ, ಆದ್ದರಿಂದ ನನ್ನ ತಾಯಿಯ ಮಾತೇ ಅಲ್ಲಿ ನಡೆಯಿತು. ದೂರು ಸೊನ್ನೆ ಅಂತ ನಾವು ಚಪ್ಪಾಳೆ ತಟ್ಟಿದೆವಲ್ಲ, ಇಲ್ಲ ಅನ್ನಿಸಿಕೊಂಡವರು ಇನ್ನೆಲ್ಲಿಗೆ ಹೋಗಿ ದೂರುತ್ತಾರೆ? ನಿನ್ನ ಬಾಡಿಗೆದಾರನ ಹಾಗೆ ತಮ್ಮದೇ ತಪ್ಪೆಂದು ಬೀದಿ ತಿರುಗಿರುತ್ತಾರೆ. ಎಷ್ಟು ಜನವೋ ಗೊತ್ತಿಲ್ಲ.

ಮುಖ್ಯಸ್ಥರ ಮುಂದೆ ನಿಂತು ನನ್ನ ಕ್ಲಾಸು ತಪ್ಪು ಅಂದೆ. ಯಾರಿಗೆ ತೊಂದರೆಯಾಗಿದೆ ಅಂತ ಕೇಳಿದರು. "ನಮ್ಮ ಮಾವನಿಗೆ" ಅಂದೆ. ಹಾಗಾದರೆ ಹೊಸದಾಗಿ ಬರೆದು ತಾ ಅಂದರು. ಹೊಸ ತಾಯಿ ತನಗೆ ಗುರುತಿಲ್ಲದ್ದು ಬಂದರೆ ಇಲ್ಲ ಅನ್ನುವುದಿಲ್ಲ. ಒಳಗೆ ಹೋಗಿ, ಇಂಥದ್ದು ಇದೆಯಾ ಅಂತ ಹುಡುಕಿ ಬರುತ್ತಾಳೆ. ನಿಜಕ್ಕೂ ಸಿಗದಿದ್ದರೆ, "ನೀವು ಹೇಳಿದ್ದು ನನಗೆ ತಿಳಿಯಲಿಲ್ಲ, ಇನ್ನೊಮ್ಮೆ ಹೇಳುತ್ತೀರಾ?" ಅನ್ನುತ್ತಾಳೆ. ಅದು ಎಲ್ಲ ಕಡೆ ಹೋಗಲು ಇನ್ನೂ ಒಂದು ತಿಂಗಳು ಬೇಕು. ನನ್ನ ಪರೀಕ್ಷೆಯ ಅವಧಿಯನ್ನು ಮತ್ತೆ ಮೂರು ತಿಂಗಳು ಎಳೆದಿದ್ದಾರೆ. ಎಳೆಯಲಿ ಬಿಡು.

ಅಲ್ಲಿಯವರೆಗೆ ನೀನು ಕಾಯಬಾರದು ಅಂತ ಲೈಬ್ರರಿಗೆ ಫೋನ್ ಮಾಡಿ ಅವರಿಗೆ ಬೇಕಾದ ಮಗುವನ್ನು ನಾನೇ ಬರೆದುಕೊಟ್ಟೆ. ಒಂಬತ್ತು ಸಾಲು. ಅಂಕಿಯ ಕೊನೆಗೆ 'ಬ' ಇದ್ದರೂ ಬಿಡು, ಅಷ್ಟೇ. ಕೆಲಸ ಮಾಡುತ್ತದೆಯೋ ನೋಡಲು ಒಂದು ನಂಬರು ಬೇಕಿತ್ತು. ನನಗೆ ಗೊತ್ತಿದ್ದದ್ದು ಒಂದೇ.

ಅಮ್ಮ ಓದುತ್ತಿದ್ದಾಳೆ. ಹದಿನೇಳನೇ ನಿಮಿಷದಲ್ಲಿ ಚಿಲಕದ ಸದ್ದು. ಅಮ್ಮ ಓದುತ್ತಲೇ ಇದ್ದಾಳೆ. ಮತ್ತೆ ಸದ್ದು, ಜೋರಾಗಿ. ಓದು ನಿಂತಿತು. ಈಗ ಬೈಯುತ್ತಾಳೆ ಅಂತ ನಾನು ಕಾದೆ. ಬಾಗಿಲು ತೆರೆದ ಸದ್ದು ಕೇಳಿತು.

"ಅಮ್ಮಾ, ಮುಗೀತಾ?"

"ಇನ್ನೂ ಇದೆ ಪುಟ್ಟಾ. ಬಾ, ತೊಡೆ ಮೇಲೆ ಕೂತ್ಕೋ. ಸದ್ದು ಮಾಡ್ಬೇಡ."

ಆಮೇಲೆ ಅವಳು ಕಥೆಯನ್ನು ಮೊದಲಿನಿಂದ ಶುರುಮಾಡಿದಳು ಮಾವ. ಕೇಳುವವರಿಗಲ್ಲ. ಅವರು ಆಗಲೇ ಹದಿನೇಳು ನಿಮಿಷ ಕೇಳಿ ಆಗಿತ್ತಲ್ಲ. ಎರಡು ಪುಟ ಆದ ಮೇಲೆ ನಿಲ್ಲಿಸಿ, ಮೆಲ್ಲನೆ, "ಕ್ಷಮಿಸಿ, ಮಗು ಮಲಗಿಬಿಟ್ಟಿದೆ, ಇಲ್ಲಿಂದ ಸಣ್ಣ ದನಿಯಲ್ಲಿ ಓದ್ತೀನಿ" ಅಂದಳು. ಕೊನೆಯವರೆಗೂ ಹಾಗೇ ಓದಿದ್ದಾಳೆ. ನಡುನಡುವೆ ನನ್ನ ಉಸಿರು ಕೇಳಿಸುತ್ತದೆ.

ನನಗೆ ಮುಚ್ಚಿದ ಬಾಗಿಲು ಮಾತ್ರ ನೆನಪಿತ್ತು. ತೆರೆದ ಮೇಲೆ ಪ್ರತಿ ಸಲವೂ ನಿದ್ದೆ ಹೋಗಿರುತ್ತಿದ್ದೆ, ನೆನಪು ಎಲ್ಲಿಂದ ಬರಬೇಕು? ನೀನು ಇದನ್ನು ಎರಡು ಸುತ್ತು ಕೇಳಿದ್ದೆ. ನಾನು ಬಾಯಿ ಮುಚ್ಚು ಅಂದಾಗ ಮುಚ್ಚಿಕೊಂಡೆ. ನಿನಗಿದ್ದ ಒಂದು ಗಂಟೆಯನ್ನೂ ನಾನೇ ಕಿತ್ತುಕೊಂಡೆ, ಅದನ್ನೂ ನೀನು ಹೇಳಲಿಲ್ಲ. ನನ್ನಿಂದ ದೊಡ್ಡ ತಪ್ಪಾಯಿತು.

ಜುಲೈ ಐದಕ್ಕೆ ಹೊರಟು ಆರರಂದು ಮಧ್ಯಾಹ್ನ ತಲುಪುತ್ತೇನೆ. ಒಂಬತ್ತು ದಿನದ ರಜೆ. ಉಳಿದದ್ದನ್ನು ಅಲ್ಲಿ ಯೋಚಿಸೋಣ.

ಚಿಲಕ


ಜೂನ್ ೨೭

ಚಿಲಕ,

ಇದನ್ನು ನಾನೇ ಬರೆಯುತ್ತಿದ್ದೇನೆ. ಸಾಲಿನ ಮೇಲೆ ಸಾಲು ಬಿದ್ದಿದ್ದರೆ ಬಿಡಿಸಿ ಓದಿಕೋ.

ನಿನ್ನ ಪತ್ರ ಇವತ್ತು ಬಂತು. ಅದಕ್ಕೂ ಮೊದಲೇ, ಹತ್ತು ದಿನದ ಹಿಂದೆ, ಐದು ಗಂಟೆಗೆ ನಂಬರು ಹೇಳಿದೆ. ಎಂದಿನಂತೆ ನಿನ್ನ ವಾಕ್ಯ ಬರುತ್ತದೆ ಅಂತ ಕಾದರೆ ಅಕ್ಕ ಬಂದಳು. ದರ್ಜಿಯ ಮುಂದೆಯೇ ಅತ್ತುಬಿಟ್ಟೆ. ಅವನು ಮಿಷನ್ ನಿಲ್ಲಿಸಿ ಕೂತು ಪೂರ್ತಿ ಕೇಳಿದ.

ಆರನೇ ತಾರೀಖು ನಾನು ಮನೆಯಲ್ಲೇ ಇರುತ್ತೇನೆ, ಬಾಗಿಲು ಹಾಕಿರುವುದಿಲ್ಲ. ಆದರೂ ಸುಮ್ಮನೆ ಒಳಗೆ ಬರಬೇಡ, ನನಗೆ ಕಾಣಿಸುವುದಿಲ್ಲ. ಹಳೇ ಥರ ಚಿಲಕ ಅಲ್ಲಾಡಿಸು. ಜೋರಾಗಿ ಸದ್ದು ಮಾಡಿಕೊಂಡೇ ಬಾ.

ಮಾವ